ಹವ್ಯಾಸಕ್ಕೆ ಹೊಸ ಪ್ರೋಗ್ರಾಮಿಂಗ್ ಭಾಷೆ: ಆರಿಸುವುದು ಹೇಗೆ, ಒಬ್ಬರೇ ಕೂತು ಕಲಿಯುವುದು ಹೇಗೆ

ಹ್ಯಾಸ್ಕೆಲ್ ಕಲಿಯಲು ನಾನು ಮೂರು ಸಲ ಕೂತಿದ್ದೇನೆ. ಮೊದಲ ಎರಡು ಸಲ ಮೂರನೇ ವಾರ ದಾಟಲಿಲ್ಲ. ರಸ್ಟ್ ಒಂದು ಸಲ ಬಿಟ್ಟೆ, ಇನ್ನೊಂದು ಸಲ ಹಿಡಿದೆ. ಲುವಾ ಮಾತ್ರ ಎರಡೇ ದಿನದಲ್ಲಿ ಕೈಗೆ ಬಂತು. ಹಿಂತಿರುಗಿ ನೋಡಿದರೆ, ಅರ್ಧಕ್ಕೆ ಬಿಟ್ಟ ಸಲವೆಲ್ಲ ನಾನು ಮಾಡಿದ್ದು ಒಂದೇ ಕೆಲಸ. ಪಾಠದ ಮೊದಲ ಪುಟ ತೆರೆದು, ಅದು ಹೇಳಿದ್ದನ್ನು ಹೇಳಿದ ಹಾಗೆ ಟೈಪ್ ಮಾಡುತ್ತಾ ಹೋಗಿದ್ದೆ. ಹಿಡಿದ ಸಲವೆಲ್ಲ, ಪಾಠ ತೆರೆಯುವ ಮೊದಲೇ ನನ್ನ ಹತ್ತಿರ ಮಾಡಬೇಕಾದ ಒಂದು ಕೆಲಸ ಇತ್ತು.

ಈ ಬರಹ ಪೂರ್ತಿ ನಿಂತಿರುವುದು ಆ ಒಂದು ವ್ಯತ್ಯಾಸದ ಮೇಲೆ. ಈಗಾಗಲೇ ಒಂದು ಭಾಷೆ ಅಷ್ಟೋ ಇಷ್ಟೋ ಬರುವವರಿಗೆ, ಕೆಲಸಕ್ಕಲ್ಲದೆ ಖುಷಿಗೆ ಇನ್ನೊಂದನ್ನು ಕಲಿಯುವವರಿಗೆ ಇದನ್ನು ಬರೆದಿದ್ದೇನೆ. ನಿಮಗೆ ಇದೇ ಮೊದಲ ಭಾಷೆಯಾದರೆ ಆಯ್ಕೆಗೆ ತಲೆ ಕೆಡಿಸಿಕೊಳ್ಳಬೇಡಿ. ಪೈಥಾನ್ ಅಥವಾ ಜಾವಾಸ್ಕ್ರಿಪ್ಟ್ ಹಿಡಿದು ನೇರವಾಗಿ ನಾಲ್ಕನೇ ಹೆಜ್ಜೆಗೆ ಹೋಗಿ.

1. ಭಾಷೆಗಿಂತ ಮೊದಲು ಒಂದು ಜೊತೆಗಾರ ಪ್ರೋಗ್ರಾಂ

ಎಲ್ಲರೂ ಶುರು ಮಾಡುವುದು 'ಹಲೋ ವರ್ಲ್ಡ್'ನಿಂದ. ಪರದೆಯ ಮೇಲೆ ಒಂದು ಸಾಲು ಮೂಡಿಸುವ ಪ್ರೋಗ್ರಾಂ ಅದು. ಇನ್‌ಸ್ಟಾಲ್ ಸರಿಯಾಗಿ ಆಗಿದೆಯಾ ಅಂತ ನೋಡಲು ಒಳ್ಳೆಯದು. ಭಾಷೆಯ ಬಗ್ಗೆ ಅದು ಏನೂ ಹೇಳುವುದಿಲ್ಲ. ಮದುವೆಗೆ ಹೋಗಿ ಬಾಗಿಲಲ್ಲೇ ನಮಸ್ಕಾರ ಹೇಳಿ ವಾಪಸ್ ಬಂದ ಹಾಗೆ.

ಅದರ ಬದಲು, ನಿಮಗೆ ಈಗಾಗಲೇ ಬರುವ ಭಾಷೆಯಲ್ಲಿ ಮೂವತ್ತು ನಲವತ್ತು ಸಾಲಿನ ಒಂದು ಪ್ರೋಗ್ರಾಂ ಬರೆದಿಟ್ಟುಕೊಳ್ಳಿ. ಯಾವ ಹೊಸ ಭಾಷೆಗೆ ಹೋದರೂ ಅದನ್ನು ಜೊತೆಗೆ ಕರೆದುಕೊಂಡು ಹೋಗಿ. ನನ್ನದು ಪದ ಎಣಿಸುವ ಪ್ರೋಗ್ರಾಂ. ಒಂದು ಫೈಲ್ ಓದುತ್ತದೆ, ಪದಗಳನ್ನು ಬಿಡಿಸುತ್ತದೆ, ಯಾವ ಪದ ಎಷ್ಟು ಸಲ ಬಂತು ಅಂತ ಎಣಿಸುತ್ತದೆ, ಹೆಚ್ಚು ಬಂದ ಹತ್ತು ಪದಗಳನ್ನು ತೋರಿಸುತ್ತದೆ. ಅಷ್ಟೇ.

ಕೇಳಲು ಸಣ್ಣದು. ಆದರೆ ಇದಕ್ಕೆ ಫೈಲ್ ತೆರೆಯಬೇಕು, ಫೈಲ್ ಇಲ್ಲದಿದ್ದರೆ ಏನು ಮಾಡಬೇಕೆಂದು ಯೋಚಿಸಬೇಕು, ಪಠ್ಯವನ್ನು ಒಡೆಯಬೇಕು, ಲೂಪ್ ಬೇಕು, ಪದಕ್ಕೆ ಸಂಖ್ಯೆ ಜೋಡಿಸಿಡುವ ಡಿಕ್ಷನರಿಯಂಥದ್ದು ಬೇಕು, ಕೊನೆಗೆ ಸಾರ್ಟ್ ಮಾಡಬೇಕು. ಹವ್ಯಾಸದ ಪ್ರೋಗ್ರಾಂಗಳಲ್ಲಿ ಹೆಚ್ಚಿನವಕ್ಕೆ ಬೇಕಾಗುವುದು ಇವೇ ಅಲ್ವಾ?

ಲೆಕ್ಕ ಮೊದಲೇ ಗೊತ್ತಿರುವುದರಿಂದ ನಿಮ್ಮ ಗಮನವೆಲ್ಲ ಭಾಷೆಯ ಮೇಲೇ ಇರುತ್ತದೆ. ಪ್ರತಿ ಭಾಷೆಯ ಗುಣವೂ ಬೇಗ ಹೊರಗೆ ಬೀಳುತ್ತದೆ. ಪೈಥಾನ್‌ನಲ್ಲಿ ಎಣಿಸುವ ಕೆಲಸಕ್ಕೆ ಕೌಂಟರ್ ಅಂತ ಸಿದ್ಧ ಸಾಮಾನೇ ಇದೆ. ಒಂದು ಸಾಲಿನಲ್ಲಿ ಮುಗಿಯಿತು. ಸಿ ಭಾಷೆಯ ಸ್ಟ್ಯಾಂಡರ್ಡ್ ಲೈಬ್ರರಿಯಲ್ಲಿ, ಅಂದರೆ ಭಾಷೆಯ ಜೊತೆಗೇ ಬರುವ ಸಿದ್ಧ ಕೋಡ್‌ನಲ್ಲಿ, ಡಿಕ್ಷನರಿಯೇ ಇಲ್ಲ. ನೀವೇ ಕಟ್ಟಿಕೊಳ್ಳಬೇಕು. ಕಟ್ಟುವಾಗ, ಡಿಕ್ಷನರಿ ಕಟ್ಟಲು ಬಳಸುವ ಹ್ಯಾಶ್ ಟೇಬಲ್ ಒಳಗೆ ಏನು ನಡೆಯುತ್ತದೆ ಅಂತ ಗೊತ್ತಾಗುತ್ತದೆ. ಜಾವಾಸ್ಕ್ರಿಪ್ಟ್‌ನಲ್ಲಿ ಸಂಖ್ಯೆಗಳ ಪಟ್ಟಿಯನ್ನು ಸುಮ್ನೆ ಸಾರ್ಟ್ ಮಾಡಿ ಅಂದರೆ 9ಕ್ಕಿಂತ ಮೊದಲು 10 ಬಂದು ಕೂರುತ್ತದೆ. ನೀವು ಬೇರೆ ಹೇಳದಿದ್ದರೆ ಅದು ಸಂಖ್ಯೆಗಳನ್ನು ಅಕ್ಷರಗಳ ಹಾಗೆ ಹೋಲಿಸುತ್ತದೆ. ಗೋ ಭಾಷೆಯಲ್ಲಿ ಡಿಕ್ಷನರಿಗೆ ಮ್ಯಾಪ್ ಅನ್ನುತ್ತಾರೆ. ಅದರೊಳಗಿನ ಪದಗಳು ಹೊರಬರುವ ಕ್ರಮ ಪ್ರತಿ ಸಲವೂ ಬೇರೆಯಾಗಬಹುದು. ಬೇಕಂತಲೇ ಹಾಗೆ ಮಾಡಿದ್ದಾರೆ. ಒಂದೇ ಎಣಿಕೆಯ ಎರಡು ಪದಗಳು ಒಮ್ಮೆ ಹಿಂದೆ, ಒಮ್ಮೆ ಮುಂದೆ ಬಂದಾಗ ನಾನು ಒಂದು ಸಂಜೆ ಪೂರ್ತಿ ನನ್ನ ತಪ್ಪನ್ನು ಹುಡುಕಿದ್ದೆ.

ಇನ್ನೊಂದು ಮಾತು. ಫೈಲ್‌ನಲ್ಲಿ ಇಂಗ್ಲಿಷ್ ಪಠ್ಯ ಹಾಕಬೇಡಿ, ಕನ್ನಡ ಹಾಕಿ. ನಾನು ಹಾಗೆ ಮಾಡಿದ ಮೊದಲ ದಿನ ಫಲಿತಾಂಶ ನೋಡಿ ನಗು ಬಂತು. 'ಕನ್ನಡ' ಅನ್ನುವ ಪದ 'ಕನ' ಮತ್ತು 'ನಡ' ಅಂತ ಎರಡಾಗಿತ್ತು. 'ಮಾತು' ಒಡೆದು ಬರೀ 'ಮ' ಮತ್ತು 'ತ' ಉಳಿದಿತ್ತು. ಪದ ಬಿಡಿಸಲು ನಾನು ಬಳಸಿದ್ದು, ಪಠ್ಯದಲ್ಲಿ ಒಂದು ನಮೂನೆಯನ್ನು ಹುಡುಕುವ ಸೂತ್ರವಾದ ಪೈಥಾನ್‌ನ ರೆಗ್ಯುಲರ್ ಎಕ್ಸ್‌ಪ್ರೆಶನ್. 'ಅಕ್ಷರ' ಅಂದರೆ ಏನು ಅನ್ನುವ ಅದರ ಲೆಕ್ಕದಲ್ಲಿ ನಮ್ಮ ಸ್ವರ ಚಿಹ್ನೆಗಳೂ ಹಲಂತ ಚಿಹ್ನೆಯೂ ಸೇರಿಲ್ಲ. ಅದೇ ಸೂತ್ರವನ್ನು ಜಾವಾಸ್ಕ್ರಿಪ್ಟ್‌ಗೆ ಕೊಟ್ಟರೆ ಒಂದು ಕನ್ನಡ ಪದವೂ ಸಿಗುವುದಿಲ್ಲ. ಅಲ್ಲಿ ಅಕ್ಷರ ಅಂದರೆ ಇಂಗ್ಲಿಷ್ ಅಕ್ಷರ ಮಾತ್ರ. ಕೊನೆಗೆ ಖಾಲಿ ಜಾಗ ನೋಡಿ ಒಡೆದು, ಅಂಚಿಗೆ ಅಂಟಿದ ಚುಕ್ಕಿ, ಅಲ್ಪವಿರಾಮಗಳನ್ನು ಆಮೇಲೆ ಕಿತ್ತೆ.

ಹೊಸ ಭಾಷೆ ಸಿಕ್ಕಾಗ ನಾನು ಮೊದಲು ಕೇಳುವ ಪ್ರಶ್ನೆಯೂ ಇಲ್ಲಿಂದಲೇ ಬಂದದ್ದು. 'ಕನ್ನಡ' ಅನ್ನುವ ಪದದ ಉದ್ದ ಎಷ್ಟು? ಕಣ್ಣಿಗೆ ಕಾಣುವುದು ಮೂರು ಅಕ್ಷರ. ಪೈಥಾನ್ 5 ಅನ್ನುತ್ತದೆ, ಜಾವಾಸ್ಕ್ರಿಪ್ಟ್ ಕೂಡ 5. ಗೋ, ರಸ್ಟ್, ಲುವಾ 15 ಅನ್ನುತ್ತವೆ. ಯಾರದೂ ತಪ್ಪಲ್ಲ. ಎಲ್ಲ ಲಿಪಿಗಳ ಅಕ್ಷರಗಳಿಗೂ ಸಂಖ್ಯೆ ಕೊಡುವ ವ್ಯವಸ್ಥೆ ಯೂನಿಕೋಡ್. ಆ ಸಂಖ್ಯೆಗಳನ್ನು ಬೈಟ್‌ಗಳಾಗಿ ಬರೆದಿಡುವ ಒಂದು ಕ್ರಮ ಯುಟಿಎಫ್-8. ಯೂನಿಕೋಡ್‌ನಲ್ಲಿ ಈ ಪದ ಐದು ತುಂಡು: ಕ, ನ, ಹಲಂತ, ನ, ಡ. ಯುಟಿಎಫ್-8ರಲ್ಲಿ ಒಂದೊಂದಕ್ಕೂ ಮೂರು ಬೈಟ್. ಒಬ್ಬರು ತುಂಡು ಎಣಿಸಿದರು, ಇನ್ನೊಬ್ಬರು ಬೈಟ್ ಎಣಿಸಿದರು. ಈ ಒಂದು ಪ್ರಶ್ನೆ ಒಂದು ಅಧ್ಯಾಯದಷ್ಟು ಪಾಠ ಹೇಳುತ್ತದೆ.

ಪದ ಎಣಿಸುವುದು ನಿಮಗೆ ರುಚಿಸದಿದ್ದರೆ ಬೇರೆ ಏನಾದರೂ ಆಗಬಹುದು. ಸಂಖ್ಯೆ ಊಹಿಸುವ ಆಟ, ತಿಂಗಳ ಕ್ಯಾಲೆಂಡರ್, ಫೋಲ್ಡರ್‌ನ ಫೈಲ್‌ಗಳಿಗೆ ದಿನಾಂಕದ ಹೆಸರಿಡುವ ಪ್ರೋಗ್ರಾಂ. ಆದರೆ ಒಂದೇ ಇರಲಿ. ಪ್ರತಿ ಸಲ ಬದಲಾಯಿಸಿದರೆ ಹೋಲಿಸಲು ಏನೂ ಉಳಿಯುವುದಿಲ್ಲ.

2. ಆಯ್ಕೆಯ ಪಟ್ಟಿಯನ್ನು ಎರಡು ಮೂರಕ್ಕೆ ಇಳಿಸಿ

'ಈ ವರ್ಷ ಯಾವ ಭಾಷೆ ಕಲಿಯಬೇಕು' ಅನ್ನುವ ರ‍್ಯಾಂಕಿಂಗ್‌ಗಳನ್ನು ಪಕ್ಕಕ್ಕಿಡಿ. ಅವು ಕೆಲಸ ಹುಡುಕುವವರಿಗೆ. ಹವ್ಯಾಸಿಗೆ ಇರುವ ದೊಡ್ಡ ಸುಖವೇ ಅದು: ಸಂದರ್ಶನದಲ್ಲಿ ನಿಮ್ಮನ್ನು ಯಾರೂ ಕೇಳುವುದಿಲ್ಲ.

ನೀವು ಕೇಳಿಕೊಳ್ಳಬೇಕಾದ್ದು ಎರಡೇ ಪ್ರಶ್ನೆ. ಒಂದು, ಏನು ಮಾಡಬೇಕು ಅಂತ ಆಸೆ?

ಬ್ರೌಸರ್‌ನಲ್ಲಿ ಓಡುವುದೇನಾದರೂ ಬೇಕಾದರೆ ಜಾವಾಸ್ಕ್ರಿಪ್ಟ್. ಇನ್‌ಸ್ಟಾಲ್ ಕೂಡ ಬೇಡ. ಹೆಚ್ಚಿನ ಬ್ರೌಸರ್‌ಗಳಲ್ಲಿ ಎಫ್12 ಒತ್ತಿದರೆ ಬರೆದು ನೋಡುವ ಕಿಟಕಿ ತೆರೆಯುತ್ತದೆ. ಫೈಲ್, ಚಿತ್ರ, ಲೆಕ್ಕದ ಹಾಳೆಗಳಂಥ ದಿನದ ಕೆಲಸಗಳನ್ನು ತಾನಾಗಿಯೇ ಆಗುವ ಹಾಗೆ ಮಾಡಬೇಕಾದರೆ ಪೈಥಾನ್. ಸಣ್ಣ ಆಟ ಕಟ್ಟಬೇಕಾದರೆ ಲುವಾ ನೋಡಿ. ಬ್ರೆಜಿಲ್‌ನ ರಿಯೋ ನಗರದ ವಿಶ್ವವಿದ್ಯಾಲಯವೊಂದರಲ್ಲಿ 1993ರಲ್ಲಿ ಹುಟ್ಟಿದ ಪುಟ್ಟ ಭಾಷೆ ಅದು. ಹೆಸರಿಗೆ ಪೋರ್ಚುಗೀಸ್‌ನಲ್ಲಿ ಚಂದ್ರ ಅಂತ ಅರ್ಥ. ಪುಟ್ಟ ಎಲೆಕ್ಟ್ರಾನಿಕ್ ಬೋರ್ಡ್ ಹಿಡಿದು ದೀಪ ಮಿನುಗಿಸುವ ಆಸೆಯಿದ್ದರೆ ಆರ್ಡುಯಿನೋ ಜೊತೆ ಸಿ++, ಇಲ್ಲವೇ ಅಂಥ ಬೋರ್ಡ್‌ಗಳಿಗೆಂದೇ ಇರುವ ಪುಟ್ಟ ಪೈಥಾನ್ ಆದ ಮೈಕ್ರೋಪೈಥಾನ್. ಐಫೋನ್ ಆ್ಯಪ್ ಬೇಕಾದರೆ ಸ್ವಿಫ್ಟ್, ಆದರೆ ಅದಕ್ಕೆ ಬೇಕಾದ ಎಕ್ಸ್‌ಕೋಡ್ ಅನ್ನುವ ಸಾಫ್ಟ್‌ವೇರ್ ಮ್ಯಾಕ್ ಕಂಪ್ಯೂಟರ್‌ನಲ್ಲಿ ಮಾತ್ರ ಓಡುತ್ತದೆ. ಇದನ್ನು ನೋಡಿಕೊಳ್ಳದೆ ಶುರು ಮಾಡಬೇಡಿ.

ಎರಡನೇ ಪ್ರಶ್ನೆ: ಈಗ ಗೊತ್ತಿರುವುದರಿಂದ ಎಷ್ಟು ದೂರ ಹೋಗಬೇಕು? ಪೈಥಾನ್ ಬಲ್ಲವರಿಗೆ ರೂಬಿ ಪಕ್ಕದ ಮನೆ. ಬೇಗ ಕಲಿಯಬಹುದು, ಅಚ್ಚರಿ ಕಡಿಮೆ. ಗೋ ಸ್ವಲ್ಪ ದೂರ. ಟೈಪ್‌ಗಳನ್ನು (ಒಂದು ಬೆಲೆ ಸಂಖ್ಯೆಯೋ ಪಠ್ಯವೋ ಅನ್ನುವುದನ್ನು) ಗಮನಿಸಬೇಕು, ತಪ್ಪಾದಾಗ ಎಕ್ಸೆಪ್ಶನ್ ಹಾರಿಸಿ ನಡುವೆಯೇ ಕೆಲಸ ನಿಲ್ಲಿಸುವ ಬದಲು ಎರರ್ ಅನ್ನು ಕೈಗೇ ಕೊಡುತ್ತದೆ. ಆದರೂ ಭಾಷೆಯೇ ತನಗೆಂದು ಕಾದಿರಿಸಿಕೊಂಡ ಪದಗಳು, ಅಂದರೆ ಅದರ ಕೀವರ್ಡ್‌ಗಳು ಬರೀ 25. ರಸ್ಟ್ ಇನ್ನೂ ಆಚೆ. ಹ್ಯಾಸ್ಕೆಲ್‌ಗೆ ಹೋದರೆ ಊರೇ ಬೇರೆ. ಅಲ್ಲಿ ನಿಮಗೆ ಗೊತ್ತಿರುವ ಲೂಪ್ ಇಲ್ಲ. ಒಂದು ಹೆಸರಿಗೆ ಒಮ್ಮೆ ಬೆಲೆ ಕೊಟ್ಟರೆ ಮುಗಿಯಿತು, ಬದಲಾಯಿಸುವ ಹಾಗಿಲ್ಲ. ಪ್ರೊಲಾಗ್‌ನಲ್ಲಿ ಹೇಗೆ ಮಾಡಬೇಕು ಅಂತ ಹೇಳುವುದೇ ಇಲ್ಲ. ಸಂಗತಿಗಳನ್ನೂ ನಿಯಮಗಳನ್ನೂ ಬರೆದು ಪ್ರಶ್ನೆ ಕೇಳಿದರೆ ಉತ್ತರವನ್ನು ಅದೇ ಹುಡುಕುತ್ತದೆ.

ನನ್ನ ಅಭಿಪ್ರಾಯ ಕೇಳಿದರೆ, ಎರಡನೇ ಭಾಷೆಗೆ ಪಕ್ಕದ ಮನೆಗಿಂತ ಒಂದು ಬೀದಿ ಆಚೆ ಹೋಗಿ. ಅಷ್ಟು ದೂರವಿದ್ದರೆ ಹೊಸದೂ ಕಾಣುತ್ತದೆ, ದಾರಿಯೂ ತಪ್ಪುವುದಿಲ್ಲ. ಮೂರನೆಯದಕ್ಕೆ ಬೇಕಾದರೆ ಊರು ಬಿಡಿ.

3. ಒಂದೊಂದಕ್ಕೂ ಒಂದು ಸಂಜೆ

ಎರಡು ಮೂರು ಹೆಸರು ಉಳಿದವಲ್ಲ, ಈಗ ಒಂದೊಂದಕ್ಕೆ ಒಂದು ಸಂಜೆ ಕೊಡಿ. ಇನ್‌ಸ್ಟಾಲ್ ಮಾಡಿ, ಹಲೋ ಹೇಳಿಸಿ, ಜೊತೆಗಾರ ಪ್ರೋಗ್ರಾಂನ ಮೊದಲ ಭಾಗ ಬರೆಯಿರಿ. ಫೈಲ್ ಓದಿ ಸಾಲುಗಳನ್ನು ತೋರಿಸಿದರೆ ಸಾಕು. ಒಂದು ಗಂಟೆಯಾದರೂ ಇನ್‌ಸ್ಟಾಲ್ ಮುಗಿಯದಿದ್ದರೆ ಆ ಭಾಷೆಯನ್ನು ಈ ಸಲಕ್ಕೆ ಬಿಟ್ಟುಬಿಡಿ. ಬ್ರೌಸರ್‌ನಲ್ಲೇ ಓಡಿಸಿ ನೋಡುವ ಜಾಗ ಅನೇಕ ಭಾಷೆಗಳಿಗೆ ಇದೆ. ಮೊದಲ ಸಂಜೆಗೆ ಅದೂ ಆಗುತ್ತದೆ.

ಆಮೇಲೆ ಬೇಕಂತಲೇ ತಪ್ಪು ಮಾಡಿ. ಒಂದು ಆವರಣ ಚಿಹ್ನೆ ಅಳಿಸಿ. ವೇರಿಯಬಲ್ ಹೆಸರಿನಲ್ಲಿ ಒಂದಕ್ಷರ ತಿರುಚಿ. ಇಲ್ಲದ ಫೈಲ್ ತೆರೆಯಲು ಹೇಳಿ. ಬಂದ ಎರರ್ ಮೆಸೇಜ್ ಓದಿ. ಮುಂದಿನ ವಾರಗಳಲ್ಲಿ ನಿಮ್ಮ ಜೊತೆ ಎಲ್ಲರಿಗಿಂತ ಜಾಸ್ತಿ ಮಾತಾಡುವುದು ಈ ಮೆಸೇಜ್‌ಗಳೇ. ರಸ್ಟ್‌ನ ಕಂಪೈಲರ್ (ಬರೆದ ಕೋಡನ್ನು ಯಂತ್ರಕ್ಕೆ ಅರ್ಥವಾಗುವ ಹಾಗೆ ಅನುವಾದಿಸುವ ಪ್ರೋಗ್ರಾಂ) ಈ ವಿಷಯದಲ್ಲಿ ತಾಳ್ಮೆಯ ಮೇಷ್ಟರು. ಒಂದು ಸ್ಟ್ರಿಂಗ್ ಅನ್ನು (ಪಠ್ಯದ ತುಂಡನ್ನು) ಫಂಕ್ಷನ್‌ಗೆ ಕೊಟ್ಟುಬಿಟ್ಟು ಮತ್ತೆ ಬಳಸಲು ಹೋದರೆ ಇ0382 ಅನ್ನುವ ಸಂಖ್ಯೆಯ ಎರರ್ ಬರುತ್ತದೆ. ಎಲ್ಲಿ ಕೊಟ್ಟಿರಿ, ಎಲ್ಲಿ ಮತ್ತೆ ಕೇಳಿದಿರಿ ಅಂತ ಸಾಲಿನ ಕೆಳಗೆ ಗೆರೆ ಎಳೆದು ತೋರಿಸುತ್ತದೆ. ಆ ಸಂಖ್ಯೆ ಕೊಟ್ಟು ಕೇಳಿದರೆ ಉದಾಹರಣೆ ಸಮೇತ ವಿವರಿಸುತ್ತದೆ. ಸಿ ಭಾಷೆಯ ಪ್ರೋಗ್ರಾಂ ಮುಟ್ಟಬಾರದ ಮೆಮೊರಿ ಮುಟ್ಟಿದರೆ ಎಷ್ಟೋ ಸಲ 'ಸೆಗ್ಮೆಂಟೇಶನ್ ಫಾಲ್ಟ್' ಅನ್ನುವ ಎರಡು ಪದ ಬಿಟ್ಟರೆ ಬೇರೆ ಉತ್ತರವಿಲ್ಲ. ಒಬ್ಬರೇ ಕಲಿಯುವವರಿಗೆ ಈ ವ್ಯತ್ಯಾಸ ದೊಡ್ಡದು.

ಮೂರು ಸಂಜೆ ಕಳೆದ ಮೇಲೆ ಮರುದಿನ ಯಾವುದನ್ನು ಮತ್ತೆ ತೆರೆಯಬೇಕು ಅನ್ನಿಸಿತೋ ಅದೇ ನಿಮ್ಮ ಭಾಷೆ. ಇದಕ್ಕೆ ಅಂಕಪಟ್ಟಿ ಬೇಕಿಲ್ಲ.

4. ಆರು ವಾರ, ಒಂದು ಪಾಠ

ಕ್ಯಾಲೆಂಡರ್‌ನಲ್ಲಿ ಆರು ವಾರದ ಮುಂದಿನ ಒಂದು ದಿನಾಂಕ ಗುರುತು ಹಾಕಿ. ಅಲ್ಲಿಯವರೆಗೆ ಬೇರೆ ಭಾಷೆಯ ಕಡೆ ನೋಡುವುದಿಲ್ಲ ಅಂತ ನಿಮಗೆ ನೀವೇ ಹೇಳಿಕೊಳ್ಳಿ. ಮೂರನೇ ವಾರಕ್ಕೆ ಬೇರೊಂದು ಭಾಷೆ ಚಂದ ಕಾಣಿಸುವುದು ಖಂಡಿತ. ಕೊಂಬೆಯಿಂದ ಕೊಂಬೆಗೆ ಹಾರುವ ಚಟ ನನಗೂ ಇದೆ, ಅದಕ್ಕೇ ಈ ದಿನಾಂಕದ ಉಪಾಯ.

ಕಲಿಯುವ ಸಾಮಗ್ರಿ ಒಂದೇ ಇರಲಿ. ಮೊದಲು ಆ ಭಾಷೆಯ ಅಧಿಕೃತ ತಾಣದಲ್ಲಿ ಹುಡುಕಿ. ಪೈಥಾನ್ ತಾಣದಲ್ಲೇ ಪೂರ್ಣ ಪಾಠವಿದೆ. ಗೋ ತಾಣದಲ್ಲಿ ಬ್ರೌಸರ್ ಒಳಗೇ ಓಡಿಸುತ್ತಾ ಕಲಿಯುವ ಪ್ರವಾಸವಿದೆ. ರಸ್ಟ್ ತಂಡದ ಪುಸ್ತಕವನ್ನು ವೆಬ್‌ನಲ್ಲಿ ಪುಕ್ಕಟೆ ಓದಬಹುದು. ಜಾವಾಸ್ಕ್ರಿಪ್ಟ್‌ಗೆ ಮೊಜಿಲ್ಲಾದವರ ಎಂಡಿಎನ್ ತಾಣ ನೋಡಿ.

ಹಳೆಯ ಪಾಠಗಳ ಬಗ್ಗೆ ಎಚ್ಚರ. ಪೈಥಾನ್ 2ಕ್ಕೆ ಬೆಂಬಲ 2020ರ ಜನವರಿ 1ಕ್ಕೆ ನಿಂತಿದೆ. 'ಪ್ರಿಂಟ್' ಅನ್ನುವ ಪದದ ಮುಂದೆ ಆವರಣ ಚಿಹ್ನೆ ಇಲ್ಲದ ಉದಾಹರಣೆ ಕಂಡರೆ ಆ ಪುಟ ಮುಚ್ಚಿ. ಜಾವಾಸ್ಕ್ರಿಪ್ಟ್ 2015ರಲ್ಲಿ ಬಹಳ ಬದಲಾಯಿತು. ವೇರಿಯಬಲ್ ಘೋಷಿಸಲು ಎಲ್ಲ ಕಡೆ 'ವಾರ್' ಬಳಸಿ, 'ಲೆಟ್', 'ಕಾನ್ಸ್ಟ್' ಎಲ್ಲೂ ಇಲ್ಲದ ಪಾಠ ಅದಕ್ಕಿಂತ ಹಳೆಯದು. ರಸ್ಟ್‌ನ 1.0 ಆವೃತ್ತಿ ಬಂದದ್ದೂ 2015ರ ಮೇ ತಿಂಗಳಲ್ಲೇ. ಅದರ ಹಿಂದಿನ ಕೋಡ್ ಇವತ್ತು ಓಡುವುದು ಕಷ್ಟ.

ವಿಡಿಯೋ ಪಾಠಗಳ ಬಗ್ಗೆ ನನಗೆ ಒಂಚೂರು ಮುನಿಸಿದೆ. ಒಂದು ಸಲ ದೊಡ್ಡ ವಿಡಿಯೋ ಕೋರ್ಸ್ ಕೊನೆಯವರೆಗೆ ನೋಡಿದೆ. ಎಲ್ಲ ಅರ್ಥವಾಯಿತು. ಮುಗಿದ ದಿನ ಖಾಲಿ ಫೈಲ್ ತೆರೆದು ಕೂತರೆ ಮೊದಲ ಸಾಲೂ ಬರಲಿಲ್ಲ. ತಪ್ಪು ಕೋರ್ಸಿನದಲ್ಲ, ನಾನು ಕೈ ಕಟ್ಟಿ ನೋಡಿದ್ದೆ.

5. ದಿನದ ಅಭ್ಯಾಸ

ದಿನಕ್ಕೆ ಅರ್ಧ ಗಂಟೆ ಸಾಕು. ಭಾನುವಾರ ಒಂದೇ ದಿನ ಆರು ಗಂಟೆ ಕೂತರೆ ಮುಂದಿನ ಭಾನುವಾರದ ಹೊತ್ತಿಗೆ ಅರ್ಧ ಮರೆತಿರುತ್ತದೆ.

ಆ ಅರ್ಧ ಗಂಟೆಯನ್ನು ಹೀಗೆ ಕಳೆಯಿರಿ. ಪಾಠದ ಒಂದು ಭಾಗ ಓದಿ. ಉದಾಹರಣೆಯನ್ನು ಕಾಪಿ ಪೇಸ್ಟ್ ಮಾಡದೆ ಕೈಯಾರೆ ಟೈಪ್ ಮಾಡಿ. ಓಡಿಸುವ ಮುನ್ನ ಏನು ಉತ್ತರ ಬರುತ್ತದೆ ಅಂತ ಒಂದು ಕಾಗದದ ಮೇಲೆ ಬರೆಯಿರಿ. ಆಮೇಲೆ ಓಡಿಸಿ. ಎರಡೂ ಒಂದೇ ಆದರೆ ಮುಂದೆ ಹೋಗಿ. ಬೇರೆಯಾದರೆ, ಅವತ್ತಿನ ಪಾಠ ಅದೇ. 0.1ಕ್ಕೆ 0.2 ಕೂಡಿಸಿದರೆ ಪೈಥಾನ್ 0.30000000000000004 ಅಂತ ಹೇಳುವುದನ್ನು ನೀವೇ ಊಹೆ ತಪ್ಪಿ ನೋಡಿದರೆ ಜನ್ಮದಲ್ಲಿ ಮರೆಯುವುದಿಲ್ಲ. ಸುಮ್ನೆ ಓದಿದರೆ ನಾಳೆಗೇ ಮರೆತುಹೋಗುತ್ತದೆ.

ಮರುದಿನ ಹೊಸ ಭಾಗ ತೆರೆಯುವ ಮೊದಲು, ನಿನ್ನೆಯ ಉದಾಹರಣೆಯನ್ನು ಪುಸ್ತಕ ನೋಡದೆ ಬರೆಯಿರಿ. ಇದು ಬೇಸರದ ಕೆಲಸ. ನಾನು ಹೇಳಿದ್ದರಲ್ಲಿ ಒಂದನ್ನು ಮಾತ್ರ ಮಾಡುವವರು ಇದನ್ನೇ ಮಾಡಿ.

ಎರರ್‌ಗಳಿಗೆ ಒಂದು ನೋಟ್ ಪುಸ್ತಕ ಇಡಿ. ಮೆಸೇಜ್ ಏನಿತ್ತು, ನಿಜವಾದ ಕಾರಣ ಏನಿತ್ತು, ಎರಡೇ ಸಾಲು. ನಾಲ್ಕನೇ ವಾರಕ್ಕೆ ಅದೇ ಐದಾರು ತಪ್ಪುಗಳು ಮತ್ತೆ ಮತ್ತೆ ಬರುತ್ತಿರುವುದು ಕಾಣುತ್ತದೆ.

ಎಐ ಸಹಾಯಕರ ಮಾತು ಬರಲೇಬೇಕು. ಅವು ಕೋಡ್ ಬರೆದುಕೊಡುತ್ತವೆ, ಅದೇ ತೊಂದರೆ. ನೀವು ಕಲಿಯಬೇಕಾದ್ದನ್ನು ಅವು ಮಾಡಿಬಿಡುತ್ತವೆ. ಮೊದಲ ಮೂರು ವಾರ ಎಡಿಟರ್‌ನಲ್ಲಿ ತಾನಾಗಿ ಸಾಲು ತುಂಬಿಸುವ ಸೌಲಭ್ಯವನ್ನು ಆಫ್ ಮಾಡಿ. ಕೇಳುವುದಾದರೆ 'ಈ ಪ್ರೋಗ್ರಾಂ ಬರೆದುಕೊಡು' ಅನ್ನಬೇಡಿ. 'ಈ ಎರರ್ ಯಾಕೆ ಬಂತು, ಉತ್ತರ ಹೇಳಬೇಡ, ಸುಳಿವು ಕೊಡು' ಅನ್ನಿ. ಹೇಳಿದ್ದನ್ನು ಓಡಿಸಿ ನೋಡಿ. ಇಲ್ಲದ ಫಂಕ್ಷನ್‌ನ ಹೆಸರನ್ನು ಇದೆ ಅಂತ ಧೈರ್ಯವಾಗಿ ಹೇಳುವುದೂ ಉಂಟು. ಅಪರೂಪದ ಭಾಷೆಗಳಲ್ಲಿ ಇದು ಇನ್ನೂ ಜಾಸ್ತಿ.

6. ಹಳೆಯ ಭಾಷೆಯ ಧಾಟಿ ಬಿಡಿಸಿಕೊಳ್ಳಿ

ಎರಡನೇ ವಾರದ ಕೊನೆಗೆ ಜೊತೆಗಾರ ಪ್ರೋಗ್ರಾಂ ಪೂರ್ತಿ ಓಡುತ್ತಿರಬೇಕು. ಚಂದ ಇರುವುದಿಲ್ಲ. ಹಳೆಯ ಭಾಷೆಯನ್ನೇ ಹೊಸ ಪದಗಳಲ್ಲಿ ಬರೆದ ಹಾಗಿರುತ್ತದೆ. ಪೈಥಾನ್‌ನಿಂದ ಲುವಾಗೆ ಬಂದವರು ಪಟ್ಟಿಯ ಮೊದಲ ವಸ್ತುವನ್ನು 0ಯಲ್ಲಿ ಹುಡುಕುತ್ತಾರೆ. ಅಲ್ಲಿ ಎಣಿಕೆ 1ರಿಂದ. ಹ್ಯಾಸ್ಕೆಲ್‌ಗೆ ಬಂದವರು ಹೇಗಾದರೂ ಒಂದು ಲೂಪ್ ಮಾಡಿಕೊಳ್ಳಲು ಒದ್ದಾಡುತ್ತಾರೆ. ನಾನು ಎರಡು ಸಲ ಸೋತಿದ್ದು ಅಲ್ಲೇ. ಪಟ್ಟಿಯನ್ನು ಒಂದು ಫಂಕ್ಷನ್‌ನಿಂದ ಮಡಚಿ ಒಂದು ಉತ್ತರಕ್ಕೆ ತರುವ 'ಫೋಲ್ಡ್' ಅರ್ಥವಾದ ದಿನ ಪದ ಎಣಿಕೆ ಮೂರ್ನಾಲ್ಕು ಸಾಲಿಗೆ ಇಳಿಯಿತು.

ಇದಕ್ಕೆ ಒಂದೇ ಮದ್ದು: ನಿಮ್ಮದು ಓಡಿದ ಮೇಲೆ ಬೇರೆಯವರದನ್ನು ಓದಿ. ರೊಸೆಟ್ಟಾ ಕೋಡ್ ತಾಣದಲ್ಲಿ ಒಂದೇ ಕೆಲಸವನ್ನು ಹತ್ತಾರು ಭಾಷೆಗಳಲ್ಲಿ ಬರೆದಿಟ್ಟಿದ್ದಾರೆ. ಎಕ್ಸರ್ಸಿಸಂ ತಾಣದಲ್ಲಿ ಒಂದು ಲೆಕ್ಕ ಬಿಡಿಸಿದ ಮೇಲೆ ಅದನ್ನೇ ಬಿಡಿಸಿದ ಇತರರ ಕೋಡ್ ನೋಡಬಹುದು. ಗೋ ಕಲಿಯುವವರು ಅದರ ಸ್ಟ್ಯಾಂಡರ್ಡ್ ಲೈಬ್ರರಿಯನ್ನೇ ಓದಿ. ಬಹುಪಾಲು ಗೋದಲ್ಲೇ ಬರೆದದ್ದು, ಓದಲು ಸುಲಭ. ಓದಿ ಮುಗಿಸಿ, ನಿಮ್ಮ ಪ್ರೋಗ್ರಾಂ ಅನ್ನು ಎರಡನೇ ಸಲ ಬರೆಯಿರಿ. ಹಳೆಯದನ್ನು ಅಳಿಸಬೇಡಿ.

ಲೆಕ್ಕ ಬಿಡಿಸುವ ಚಟ ಇರುವವರಿಗೆ ಪ್ರಾಜೆಕ್ಟ್ ಆಯ್ಲರ್ ಅನ್ನುವ ತಾಣ ಇದೆ. ಅದರ ಮೊದಲ ಪ್ರಶ್ನೆ: 1000ಕ್ಕಿಂತ ಕಡಿಮೆ ಇರುವ, 3 ಅಥವಾ 5ರಿಂದ ಭಾಗವಾಗುವ ಎಲ್ಲ ಸಂಖ್ಯೆಗಳ ಮೊತ್ತ ಎಷ್ಟು? ಡಿಸೆಂಬರ್ ಬಂದರೆ ಅಡ್ವೆಂಟ್ ಆಫ್ ಕೋಡ್ ಒಗಟುಗಳು. 2015ರಿಂದ ನಡೆಯುತ್ತಿದೆ, ಹಳೆಯ ವರ್ಷಗಳವೂ ಸಿಗುತ್ತವೆ. ಮೊದಲ ಕೆಲವು ದಿನದವು ಹೊಸಬರಿಗೆ ಹೇಳಿ ಮಾಡಿಸಿದ ಹಾಗಿವೆ. ಆಮೇಲಿನವು ಭಾಷೆಗಿಂತ ತಲೆಯನ್ನೇ ಪರೀಕ್ಷಿಸುತ್ತವೆ. ಅಲ್ಲಿ ಸಿಕ್ಕಿಬಿದ್ದರೆ ಭಾಷೆ ಬರುತ್ತಿಲ್ಲ ಅಂತ ಬೇಸರ ಪಡಬೇಡಿ.

7. ನಿಮ್ಮದೇ ಒಂದು ಸಣ್ಣ ಕೆಲಸ

ನಾಲ್ಕನೇ ವಾರದಿಂದ ಪಾಠ ಮುಚ್ಚಿ. ನಿಮಗೇ ಬೇಕಾದ ಒಂದು ಸಾಮಾನು ಮಾಡಿ. ನೂರು ಇನ್ನೂರು ಸಾಲು ಮೀರದಿರಲಿ. ಓದಿದ ಪುಸ್ತಕಗಳ ಪಟ್ಟಿ, ಫೋಟೋಗಳನ್ನು ತಿಂಗಳವಾರು ಫೋಲ್ಡರ್‌ಗೆ ಹಾಕುವುದು, ಮಗುವಿಗೆ ಮಗ್ಗಿ ಕೇಳುವ ಆಟ. ಎರಡು ವಾರದಲ್ಲಿ ಮುಗಿಯುವಂಥದ್ದು ಬೇಕು. ಹೊಸ ಸೋಷಿಯಲ್ ಮೀಡಿಯಾ ಕಟ್ಟುತ್ತೇನೆ ಅಂತ ಹೊರಟವರ ಅರ್ಧ ಫೋಲ್ಡರ್‌ಗಳು ನನ್ನ ಕಂಪ್ಯೂಟರಿನಲ್ಲೇ ಎಷ್ಟೋ ಇವೆ.

ಕೋಡ್‌ನ ಹಳೆಯ ರೂಪಗಳನ್ನೆಲ್ಲ ಕಾದಿಡುವ ಗಿಟ್ ಬಳಸಿ. ಎಲ್ಲ ಆಜ್ಞೆ ಕಲಿಯಬೇಕಿಲ್ಲ, ದಿನದ ಕೊನೆಗೆ ಒಂದು ಕಮಿಟ್, ಅಂದರೆ ಆವತ್ತಿನ ರೂಪವನ್ನು ದಾಖಲಿಸುವುದು, ಸಾಕು. ಸಾಲುಗಳನ್ನು ಅಂದವಾಗಿ ಜೋಡಿಸುವ ಕೆಲಸವನ್ನು ಫಾರ್ಮ್ಯಾಟರ್‌ಗೆ ಬಿಡಿ. ಗೋ, ರಸ್ಟ್‌ಗೆ ಅದು ಜೊತೆಗೇ ಬರುತ್ತದೆ.

8. ಆರು ವಾರ ಆದ ದಿನ

ಗುರುತು ಹಾಕಿದ ದಿನ ಬಂತು. ಈಗ ಮುಂದುವರಿಸಬಹುದು, ಬಿಡಲೂಬಹುದು. ಹವ್ಯಾಸ ತಾನೇ, ಬಿಟ್ಟರೆ ಯಾರೂ ಕೇಳುವವರಿಲ್ಲ. ಆದರೆ ಬೇಸರವಾಗಿದೆಯೋ, ಸಿಕ್ಕಿಬಿದ್ದಿದ್ದೀರೋ ಅಂತ ನೋಡಿಕೊಳ್ಳಿ. ಸಿಕ್ಕಿಬಿದ್ದಿದ್ದರೆ ಎರರ್ ಪುಸ್ತಕದ ಕೊನೆಯ ಎರಡು ಪುಟ ತುಂಬಾ ಒಂದೇ ವಿಷಯ ಇರುತ್ತದೆ. ಅದೊಂದರ ಮೇಲೆ ಇನ್ನೊಂದು ವಾರ ಕೂತರೆ ಬಿಡಿಸಿಕೊಳ್ಳುತ್ತದೆ. ಬೇಸರವಾದಾಗ ಆ ಪುಸ್ತಕದ ಕೊನೆಯ ಪುಟಗಳು ಖಾಲಿ ಇರುತ್ತವೆ.

ಬಿಡುವುದಾದರೂ ಮುಂದುವರಿಸುವುದಾದರೂ, ಆ ಫೋಲ್ಡರ್‌ನಲ್ಲಿ ಒಂದು ಚೀಟಿ ಇಟ್ಟು ಹೋಗಿ. ಯಾವ ಆವೃತ್ತಿ, ಇನ್‌ಸ್ಟಾಲ್ ಮಾಡಿದ್ದು ಹೇಗೆ, ಪ್ರೋಗ್ರಾಂ ಓಡಿಸುವ ಆಜ್ಞೆ ಏನು, ಎಲ್ಲಿ ನಿಲ್ಲಿಸಿದೆ. ಮೂರನೇ ಸಲ ಹ್ಯಾಸ್ಕೆಲ್‌ಗೆ ಮರಳಿದಾಗ ನಡುವೆ ಒಂದೂವರೆ ವರ್ಷ ಕಳೆದಿತ್ತು. ಭಾಷೆ ಬಹುಪಾಲು ಮರೆತಿತ್ತು. ಚೀಟಿಯ ಕೊನೆಯ ಸಾಲಿನಲ್ಲಿ ಹೀಗೆ ಬರೆದಿದ್ದೆ: "ಎಣಿಕೆ ಸರಿ ಬರುತ್ತಿದೆ. ಸಾರ್ಟ್ ಉಲ್ಟಾ ಆಗುತ್ತಿದೆ. ಅಲ್ಲಿಂದ ಶುರು ಮಾಡು." ಇಪ್ಪತ್ತು ನಿಮಿಷದಲ್ಲಿ ಅದನ್ನು ಸರಿ ಮಾಡಿದೆ.